ಪೊಲೀಸ್ ಅಂಕಲ್ ಮೇಲೆ ದೂರು

ಠಾಣೆಯ ರೈಟರ್ ನಮ್ಮ ದೂರನ್ನು ಎರಡು ಸಲ ಓದಿದರು. ಮೊದಲ ಸಲ ಸರಸರ ಓದುತ್ತಾ ಹೋದವರು, ಹೆಸರಿದ್ದ ಸಾಲಿಗೆ ಬಂದು ನಿಂತರು. ಆಮೇಲೆ ಮತ್ತೆ ಮೇಲಿನಿಂದ ಶುರು ಮಾಡಿದರು. ಮುಗಿದ ಮೇಲೆ ಹಾಳೆಯನ್ನು ಮೇಜಿನ ಮೇಲೆ ಮಗುಚಿ ಇಟ್ಟು, "ಕೂತ್ಕೊಳ್ಳಿ ಮೇಡಂ, ಸಾಹೇಬ್ರು ಬರಲಿ" ಅಂದರು. ಸಾಹೇಬರು ಬರುವಷ್ಟರಲ್ಲಿ ಮೂರು ಗಂಟೆ ಕಳೆದಿತ್ತು. ಅಷ್ಟೂ ಹೊತ್ತು ಅಕ್ಕ ಆ ಮಗುಚಿಟ್ಟ ಹಾಳೆಯನ್ನೇ ನೋಡುತ್ತಾ ಕೂತಿದ್ದಳು.

ದೂರಿನಲ್ಲಿದ್ದ ಹೆಸರು ಒಬ್ಬ ಹೆಡ್ ಕಾನ್‌ಸ್ಟೆಬಲ್‌ನದು. ಮೊದಲು ಅದೇ ಠಾಣೆಯಲ್ಲಿ ಕೆಲಸ ಮಾಡಿ ಬೇರೆ ಕಡೆಗೆ ವರ್ಗವಾಗಿದ್ದವನು. ಅಕ್ಕನ ಪಕ್ಕದ ಮನೆಯವನು. ನಾನು ಇಲ್ಲಿ 'ಅವನು' ಅಂತ ಬರೆಯುತ್ತಿದ್ದೇನೆ. ಆವತ್ತು ಠಾಣೆಯಲ್ಲಿ ಮಾತಾಡುವಾಗ ಮಾತ್ರ ನನ್ನ ಬಾಯಲ್ಲಿ 'ಅವರು' ಅಂತಲೇ ಬರುತ್ತಿತ್ತು. ಎಷ್ಟೋ ವರ್ಷದ ಅಭ್ಯಾಸ.

ಮಗು ಅಕ್ಕನ ಮಗಳು. ಆಗ ಅವಳಿಗೆ ಒಂಬತ್ತು ವರ್ಷ. ನಾನು ಅವಳ ಚಿಕ್ಕಮ್ಮ. ಇಲ್ಲಿ ಅವಳನ್ನು ಪುಟ್ಟಿ ಅಂತ ಕರೆಯುತ್ತೇನೆ. ಊರು, ಶಾಲೆ, ಠಾಣೆ, ನನ್ನ ಹೆಸರು ಯಾವುದೂ ಇಲ್ಲಿ ಇರುವುದಿಲ್ಲ. ಮಗುವಿನ ಗುರುತು ಸಿಗುವಂಥದ್ದನ್ನು ಪ್ರಕಟಿಸಬಾರದು ಅಂತ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗಾಗಿಯೇ ಇರುವ ಪೋಕ್ಸೊ ಕಾಯ್ದೆಯ ಸೆಕ್ಷನ್ 23 ಹೇಳುತ್ತದೆ. ಅದು ಹೇಳದೇ ಇದ್ದಿದ್ದರೂ ನಾನು ಬರೆಯುತ್ತಿರಲಿಲ್ಲ.

ಗೊತ್ತಾಗಿದ್ದು ಹೋಂವರ್ಕ್ ಮಾಡಿಸುವಾಗ. 'ನಮಗೆ ನೆರವಾಗುವವರು' ಅಂತ ಒಂದು ಪಾಠ. ವೈದ್ಯರು, ಅಂಚೆಯಣ್ಣ, ಪೊಲೀಸ್. ಪ್ರತಿಯೊಬ್ಬರ ಬಗ್ಗೆ ಎರಡು ವಾಕ್ಯ ಬರೆಯಬೇಕಿತ್ತು. ಪುಟ್ಟಿ ಎಲ್ಲಾ ಬರೆದು ಪೊಲೀಸ್ ಬಿಟ್ಟಿದ್ದಳು. ಯಾಕೆ ಅಂದೆ. "ಅದು ಬೇಡ" ಅಂದಳು. ನಾನು ಸುಮ್ನೆ ತಮಾಷೆಗೆ, "ನಿಂಗೆ ಪಕ್ಕದ ಮನೇಲೇ ಪೊಲೀಸ್ ಅಂಕಲ್ ಇದ್ದಾರಲ್ಲೇ, ಅವರ ಬಗ್ಗೆನೇ ಬರಿ" ಅಂದೆ. ಅವಳು ಪೆನ್ಸಿಲ್ ಕೆಳಗಿಟ್ಟಳು. ತುಂಬಾ ಹೊತ್ತಾದ ಮೇಲೆ, "ಅದು ಗುಟ್ಟು, ಹೇಳಿದ್ರೆ ಅಪ್ಪನ್ನ ಠಾಣೆಗೆ ಎಳ್ಕೊಂಡು ಹೋಗ್ತಾರಂತೆ" ಅಂದಳು.

ನಡೆದದ್ದು ಏನು ಅಂತ ಇಲ್ಲಿ ವಿವರಿಸುವುದಿಲ್ಲ. ಅದು ಅವಳದು. ಒಂದಕ್ಕಿಂತ ಹೆಚ್ಚು ಸಲ ನಡೆದಿತ್ತು, ಅವನು ಅವಳ ಬಾಯಿ ಮುಚ್ಚಿಸಿದ್ದು ತನ್ನ ಯೂನಿಫಾರ್ಮ್ ತೋರಿಸಿ. ಇಷ್ಟು ಸಾಕು.

ಆ ರಾತ್ರಿ ನಾವು ಒಂದು ತಪ್ಪು ಮಾಡಿದೆವು. ನಾನು ಕೇಳಿದೆ. ಆಮೇಲೆ ಅಕ್ಕ ಕೇಳಿದಳು. ಭಾವ ಬಂದು ಕೇಳಿದರು. ಅಜ್ಜಿಗೆ ನಂಬಿಕೆ ಬರಲಿಲ್ಲ ಅಂತ ಅವರ ಮುಂದೆಯೂ ಹೇಳಿಸಿದೆವು. ಮಗು ಒಂದೇ ರಾತ್ರಿ ನಾಲ್ಕು ಸಲ ಹೇಳಿತು. ಮಗುವಿನಿಂದ ಮತ್ತೆ ಮತ್ತೆ ಹೇಳಿಸಬಾರದು ಅನ್ನುವ ಉದ್ದೇಶದಿಂದಲೇ ಕಾನೂನಿನ ಎಷ್ಟೋ ನಿಯಮಗಳು ಇವೆ ಅಂತ ನನಗೆ ಆಮೇಲೆ ತಿಳಿಯಿತು. ಆ ನಿಯಮ ಮೊದಲು ಮುರಿದವರು ನಾವೇ.

ಮಾರನೇ ದಿನ ಮನೆಯಲ್ಲಿ ದೊಡ್ಡ ಚರ್ಚೆ. ಭಾವನ ದೊಡ್ಡಪ್ಪ ಬಂದಿದ್ದರು. "ಪೊಲೀಸರ ತಂಟೆ ಬೇಡ, ಮನೆ ಖಾಲಿ ಮಾಡಿ ಬೇರೆ ಕಡೆ ಹೋಗಿ" ಅನ್ನೋದು ಅವರ ಮಾತು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರ ಕಾಲದ ಬುದ್ಧಿವಂತಿಕೆ ಅದು. ಅಕ್ಕನ ಭಯ ಬೇರೆ. 2022ರಲ್ಲಿ ಉತ್ತರ ಪ್ರದೇಶದ ಲಲಿತ್‌ಪುರದ ಸುದ್ದಿ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಅತ್ಯಾಚಾರಕ್ಕೆ ಒಳಗಾಗಿದ್ದ 13 ವರ್ಷದ ಹುಡುಗಿ ಠಾಣೆಗೆ ಹೋದರೆ, ಠಾಣಾಧಿಕಾರಿಯೇ ಅವಳ ಮೇಲೆ ಮತ್ತೆ ಅತ್ಯಾಚಾರ ಎಸಗಿದ ಆರೋಪ ಬಂದು, ಬಂಧನವೂ ಆಗಿತ್ತು. "ಅವಳನ್ನ ಠಾಣೆ ಒಳಗೆ ಮಾತ್ರ ಕರ್ಕೊಂಡು ಹೋಗಲ್ಲ" ಅಂದಳು. ಹಾಗಾಗಿ ಪುಟ್ಟಿಯನ್ನು ಅಜ್ಜಿಯ ಹತ್ತಿರ ಬಿಟ್ಟು ನಾವಿಬ್ಬರೇ ಹೋದದ್ದು.

ಮೂರು ಗಂಟೆ ಕಾಯಿಸಿದ ಮೇಲೆ ಬಂದ ಸಾಹೇಬರು ಮರ್ಯಾದೆಯಿಂದಲೇ ಮಾತಾಡಿದರು. "ಅರ್ಜಿ ಇಟ್ಟು ಹೋಗಿ, ವಿಚಾರಣೆ ಮಾಡ್ತೀವಿ" ಅಂದರು. ಠಾಣೆಯ ಭಾಷೆ ಗೊತ್ತಿಲ್ಲದವರಿಗೆ ಇದು ಒಳ್ಳೆಯ ಮಾತಿನಂತೆ ಕೇಳುತ್ತದೆ. ನಾನೂ ಸಮಾಧಾನದಿಂದಲೇ ಎದ್ದೆ. 'ಅರ್ಜಿ ವಿಚಾರಣೆ' ಅಂದರೆ ಎಫ್‌ಐಆರ್ ಹಾಕುವುದಿಲ್ಲ ಅಂತ ಅರ್ಥ ಅಂತ ಆಮೇಲೆ ಗೊತ್ತಾಯಿತು. ಮಗುವಿನ ಮೇಲಿನ ಲೈಂಗಿಕ ಅಪರಾಧದಲ್ಲಿ ಆ ಆಯ್ಕೆಯೇ ಪೊಲೀಸರಿಗೆ ಇಲ್ಲ. ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ಪ್ರಕರಣದಲ್ಲೇ ಹೇಳಿದೆ. ಪೋಕ್ಸೊ ಸೆಕ್ಷನ್ 21ರ ಪ್ರಕಾರ ಮಾಹಿತಿ ಬಂದೂ ದಾಖಲಿಸದೇ ಇರುವುದು ಕೂಡ ಅಪರಾಧ. ಆರು ತಿಂಗಳವರೆಗೆ ಜೈಲು.

ಅದೇ ಸಂಜೆ ಅವನು ಭಾವನಿಗೆ ಫೋನ್ ಮಾಡಿದ. "ಏನೋ ತಪ್ಪು ತಿಳ್ಕೊಂಡಿದ್ದೀರಿ, ಕೂತು ಮಾತಾಡೋಣ" ಅಂತ. ನಾವು ದೂರು ಕೊಟ್ಟು ಬಂದು ಇನ್ನೂ ನಾಲ್ಕು ಗಂಟೆ ಆಗಿರಲಿಲ್ಲ.

ನಾನು 1098ಕ್ಕೆ ಫೋನ್ ಮಾಡಿದ್ದು ಆ ಫೋನ್ ಬಂದ ಮೇಲೆ. ಇದು ಮಕ್ಕಳ ಸಹಾಯವಾಣಿ. 2023ರಿಂದ ಸರ್ಕಾರವೇ ನಡೆಸುತ್ತಿದೆ, 112ರ ಜೊತೆ ಜೋಡಿಸಿದೆ. ಆ ಕಡೆಯ ಹುಡುಗಿ ಎಲ್ಲಾ ಕೇಳಿಸಿಕೊಂಡಳು. ಆರೋಪಿ ಪೊಲೀಸ್ ಅಂತ ಹೇಳಿದಾಗ ಒಂದು ಕ್ಷಣ ಸುಮ್ಮನಾಗಿ, "ಹಾಗಾದ್ರೆ ನೀವು ನಾಳೆ ಬೆಳಿಗ್ಗೆನೇ ಮಕ್ಕಳ ಕಲ್ಯಾಣ ಸಮಿತಿಗೆ ಹೋಗಿಬಿಡಿ, ನಾನೂ ತಿಳಿಸಿರ್ತೀನಿ" ಅಂದಳು.

ಸಮಿತಿ ಅಂದರೆ ನಾನು ಯಾವುದೋ ಸಲಹಾ ಸಮಿತಿ ಅಂದುಕೊಂಡಿದ್ದೆ. ಹಾಗಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಅದು ಮ್ಯಾಜಿಸ್ಟ್ರೇಟ್ ಅಧಿಕಾರ ಇರುವ ಪೀಠ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಅಲ್ಲಿನ ಅಧ್ಯಕ್ಷೆ ಕೇಳಿದ ಮೊದಲ ಪ್ರಶ್ನೆ, "ನೀವು ದೂರು ಕೊಟ್ಟಿದ್ದು ಯಾವತ್ತು?" ಪೋಕ್ಸೊ ಮಾಹಿತಿ ಬಂದ 24 ಗಂಟೆಯೊಳಗೆ ಪೊಲೀಸರು ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ಅವರ ಮೇಜಿಗೆ ನಮ್ಮ ವಿಷಯ ಬಂದೇ ಇರಲಿಲ್ಲ. ಅವರು ಜೋರಾಗಿ ಏನೂ ಅನ್ನಲಿಲ್ಲ. ಒಂದು ಪತ್ರ ಬರೆಸಿದರು, ಎಸ್‌ಪಿ ಕಚೇರಿಗೆ. ಪತ್ರದಲ್ಲಿ ನಮ್ಮ ದೂರಿನ ದಿನ, ಠಾಣೆ, ಕಾಯಿಸಿದ ಹೊತ್ತು ಎಲ್ಲಾ ಬಂತು. ಎಫ್‌ಐಆರ್ ಆ ರಾತ್ರಿಯೇ ಆಯಿತು, ಮಹಿಳಾ ಠಾಣೆಯಲ್ಲಿ.

ನಮ್ಮ ಇಡೀ ಓಡಾಟದಲ್ಲಿ ನಾನು ಕಲಿತ ಕೆಲಸದ ಪಾಠ ಇದೇ. ಬಾಯಿಮಾತು ಠಾಣೆಯಲ್ಲಿ ಆವಿಯಾಗುತ್ತದೆ. ಕಾಗದ ಆಗುವುದಿಲ್ಲ. ಆಮೇಲೆ ಪ್ರತಿಯೊಂದನ್ನೂ ಬರೆದು ಕೊಟ್ಟೆವು, ಪ್ರತಿಯೊಂದಕ್ಕೂ ಸೀಲು, ಸಹಿ, ತಾರೀಕು ತಗೊಂಡೆವು. ಅಕ್ಕನ ಮನೆಯಲ್ಲಿ ಈಗಲೂ ಆ ಫೈಲಿದೆ, ಎರಡು ಇಂಚು ದಪ್ಪ.

ಎಫ್‌ಐಆರ್ ಪ್ರತಿ ಕೈಗೆ ಬಂದಾಗ ಅಕ್ಕ ಅತ್ತಳು. ನಾನು ಓದಿದೆ. ಓದಿ ಮತ್ತೆ ಓದಿದೆ, ಆ ರೈಟರ್ ಥರವೇ. ಅವನ ಹೆಸರಿತ್ತು, ವಿಳಾಸ ಇತ್ತು, 'ಪಕ್ಕದ ಮನೆಯ ನಿವಾಸಿ' ಅಂತ ಇತ್ತು. ಪೊಲೀಸ್ ಅನ್ನುವ ಪದ ಎಲ್ಲೂ ಇರಲಿಲ್ಲ.

ನಮ್ಮ ವಕೀಲರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಸಿಕ್ಕವರು. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತವಾಗಿ ಸಿಗುತ್ತಾರೆ. ಉಚಿತ ಅಂದಮೇಲೆ ಹೇಗಿರುತ್ತಾರೋ ಅನ್ನೋ ಅನುಮಾನ ನನಗಿತ್ತು. ಆ ಅನುಮಾನಕ್ಕೆ ನಾನು ಅವರ ಕ್ಷಮೆ ಕೇಳಿದ್ದೇನೆ. ಅವರು ಎಫ್‌ಐಆರ್ ನೋಡಿ, "9(ಎಂ) ಹಾಕಿದ್ದಾರೆ, 9(ಎ) ಬಿಟ್ಟಿದ್ದಾರೆ" ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೋಕ್ಸೊದಲ್ಲಿ ಸೆಕ್ಷನ್ 9 ಅಂದರೆ 'ಗಂಭೀರ ಸ್ವರೂಪದ' ಲೈಂಗಿಕ ಹಲ್ಲೆ. ಯಾವ ಯಾವ ಸಂದರ್ಭದಲ್ಲಿ ಅದು ಗಂಭೀರ ಅನ್ನೋದಕ್ಕೆ ಒಂದು ಉದ್ದದ ಪಟ್ಟಿ ಇದೆ. ಮಗುವಿಗೆ 12 ವರ್ಷ ಆಗಿಲ್ಲದಿದ್ದರೆ 9(ಎಂ). ಆ ಪಟ್ಟಿಯ ಮೊಟ್ಟಮೊದಲ ಹೆಸರು, 9(ಎ), ಪೊಲೀಸ್ ಅಧಿಕಾರಿ. ಸೈನ್ಯ, ಜೈಲು, ಆಸ್ಪತ್ರೆ, ಶಾಲೆಯವರು, ಸಂಬಂಧಿಕರು ಎಲ್ಲಾ ಆಮೇಲೆ ಬರುತ್ತಾರೆ. ಇನ್ನೂ ಘೋರವಾದ ಅಪರಾಧಗಳ ಸೆಕ್ಷನ್ 5ರಲ್ಲೂ ಹಾಗೇ, ಮೊದಲು ಪೊಲೀಸ್. ಅಲ್ಲಿ ಶಿಕ್ಷೆ ಕಡಿಮೆ ಅಂದರೂ 20 ವರ್ಷ. ಕಾಯ್ದೆ ಬರೆದವರಿಗೆ ಇದು ನಡೆಯುತ್ತದೆ ಅಂತ ಗೊತ್ತಿತ್ತು. ನಮಗೇ ಗೊತ್ತಿರಲಿಲ್ಲ.

ಮಹಿಳಾ ಠಾಣೆಯಲ್ಲಿ ಕೇಳಿದರೆ, "ಮೇಡಂ, ಎರಡಕ್ಕೂ ಶಿಕ್ಷೆ ಒಂದೇ, ಸೆಕ್ಷನ್ 10, ಐದರಿಂದ ಏಳು ವರ್ಷ. ಮತ್ತೆ ಯಾಕೆ ಹಠ?" ಅಂದರು. "ಅವರು ಆಗ ಡ್ಯೂಟಿಲಿ ಇರಲಿಲ್ಲ, ಅವರ ಮನೇಲಿದ್ರು" ಅಂತಲೂ ಸೇರಿಸಿದರು.

ಶಿಕ್ಷೆ ಒಂದೇ, ನಿಜ. ಆದರೆ ಪುಟ್ಟಿ ಏಳು ತಿಂಗಳು ಬಾಯಿ ಬಿಡದೇ ಇದ್ದಿದ್ದು ಅವಳಿಗೆ ಒಂಬತ್ತು ವರ್ಷ ಅಂತಲ್ಲ. ಅವನು ಪೊಲೀಸ್ ಅಂತ. ಅಪ್ಪನನ್ನು ಠಾಣೆಗೆ ಎಳೆದುಕೊಂಡು ಹೋಗುವ ಅಧಿಕಾರ ಅವನಿಗೆ ಇದೆ ಅಂತ ಅವಳು ನಂಬಿದ್ದಳು. ಆ ನಂಬಿಕೆ ಅವಳಿಗೆ ಕಲಿಸಿದ್ದು ನಾವೇ. ಕಳೆದುಹೋದರೆ ಪೊಲೀಸರ ಹತ್ತಿರ ಹೋಗು, ಭಯ ಆದರೆ ಪೊಲೀಸ್ ಅಂಕಲ್ ಮನೆಗೆ ಓಡು ಅಂತ. ಅಕ್ಕ ಕೆಲಸದಿಂದ ಬರುವುದು ತಡವಾದರೆ ಅವಳು ಕೂರುತ್ತಿದ್ದುದು ಅವನ ಮನೆಯಲ್ಲೇ. ಬೇರೆ ಯಾರ ಮನೆಗೂ ನಾವು ಕಳಿಸುತ್ತಿರಲಿಲ್ಲ. ಇದೆಲ್ಲ ಬಿಟ್ಟು ಕಾಗದದಲ್ಲಿ 'ಪಕ್ಕದ ಮನೆಯ ನಿವಾಸಿ' ಅಂತ ಉಳಿದರೆ, ನಡೆದದ್ದರ ಅರ್ಧ ಅಳಿಸಿಹೋದ ಹಾಗೆ.

ಇನ್ನು ಡ್ಯೂಟಿ ಮಾತು. 9(ಎ)ಯಲ್ಲಿ ನಾಲ್ಕು ಸಂದರ್ಭ ಇವೆ. ಅವನು ನೇಮಕವಾದ ಠಾಣೆಯ ವ್ಯಾಪ್ತಿಯಲ್ಲಿ. ಯಾವುದೇ ಠಾಣೆಯ ಆವರಣದಲ್ಲಿ. ಕರ್ತವ್ಯದಲ್ಲಿ ಇರುವಾಗ ಅಥವಾ ಇಲ್ಲದಿರುವಾಗ. ನಾಲ್ಕನೆಯದು, ಅವನು ಪೊಲೀಸ್ ಅಂತ ಗೊತ್ತಿರುವ, ಗುರುತಿಸುವ ಜಾಗದಲ್ಲಿ. ವಕೀಲರು ನಗುತ್ತಾ, "ಪೊಲೀಸ್ ಅಂಕಲ್ ಅಂತ ಕರೆಯೋ ಮಗುವಿಗೆ ಗೊತ್ತಿತ್ತು ಅಂತ ಬೇರೆ ಸಾಬೀತು ಮಾಡ್ಬೇಕಾ?" ಅಂದರು. ನಾವು ಎರಡು ಪುಟದ ಮನವಿ ಬರೆದು ಎಸ್‌ಪಿ ಕಚೇರಿಗೆ ಕೊಟ್ಟೆವು. ತನಿಖೆಯನ್ನು ಅವನಿಗೆ ಪರಿಚಯ ಇಲ್ಲದ ಬೇರೆ ಉಪವಿಭಾಗದವರಿಗೆ ಕೊಡಿ ಅಂತಲೂ ಕೇಳಿದೆವು. ಎರಡೂ ಆಯಿತು. ಸುಲಭವಾಗಿ ಅಲ್ಲ, ಮೂರು ಸಲ ಹೋಗಿ ಬಂದ ಮೇಲೆ.

ಹೇಳಿಕೆ ತಗೊಳ್ಳಲು ಒಬ್ಬ ಮಹಿಳಾ ಪಿಎಸ್‌ಐ ಮನೆಗೇ ಬಂದರು. ಚೂಡಿದಾರ್ ಹಾಕಿದ್ದರು. ಮಗುವಿನ ಹೇಳಿಕೆ ಅದರ ಮನೆಯಲ್ಲಿ ಅಥವಾ ಅದು ಹೇಳಿದ ಜಾಗದಲ್ಲಿ ತಗೋಬೇಕು, ಆಗ ಯೂನಿಫಾರ್ಮ್ ಇರಬಾರದು, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇಲ್ಲದ ಮಹಿಳಾ ಅಧಿಕಾರಿ ಆಗಿರಬೇಕು. ಸೆಕ್ಷನ್ 24. ಮಗು ನಂಬುವ ಒಬ್ಬರು ಜೊತೆಗಿರಬೇಕು. ಯಾರಿರಲಿ ಅಂತ ಅವರು ಪುಟ್ಟಿಯನ್ನೇ ಕೇಳಿದರು. ಅವಳು ನನ್ನ ಕಡೆ ಬೆರಳು ತೋರಿಸಿದಳು. ಅಮ್ಮ ಅಳ್ತಾಳೆ, ಅದಕ್ಕೇ.

ಪಿಎಸ್‌ಐ ಚಾಪೆಯ ಮೇಲೆ ಕೂತು, "ಪುಟ್ಟಾ, ನಾನು ಯಾರು ಗೊತ್ತಾ..." ಅಂತ ಶುರು ಮಾಡಿದರು. ನಾನು ನಡುವೆ ಬಾಯಿ ಹಾಕಿದೆ. "ಇವರು ಒಬ್ಬರು ಮಿಸ್, ಮಕ್ಕಳ ಹತ್ರ ಮಾತಾಡೋಕೆ ಬರ್ತಾರೆ" ಅಂದೆ. ಪೊಲೀಸ್ ಅಂದರೆ ಅವಳು ಬಾಯಿ ಬಿಡುವುದಿಲ್ಲ ಅನ್ನೋ ಭಯ ನನಗೆ. ಆ ಅಧಿಕಾರಿ ಒಂದು ಸಲ ನನ್ನ ಮುಖ ನೋಡಿದರು. ಏನೋ ಹೇಳಲು ಹೊರಟವರು ಸುಮ್ಮನಾದರು. ಪುಟ್ಟಿ ಅವರ ಹತ್ತಿರ ಎರಡು ಗಂಟೆ ಮಾತಾಡಿದಳು. ಆವತ್ತು ನಾನು ದೊಡ್ಡ ಬುದ್ಧಿವಂತೆ ಅಂದುಕೊಂಡಿದ್ದೆ.

ಆಸ್ಪತ್ರೆ, ವೈದ್ಯೆ, ಪರೀಕ್ಷೆ ಎಲ್ಲಾ ಒಂದು ಬೆಳಿಗ್ಗೆಯಲ್ಲಿ ಮುಗಿಯಿತು. ಅಕ್ಕ ಒಳಗಿದ್ದಳು. ಆಮೇಲೆ ಮ್ಯಾಜಿಸ್ಟ್ರೇಟ್ ಮುಂದೆ ಹೇಳಿಕೆ. ಎಲ್ಲರೂ ಅದನ್ನು '164' ಅಂತಲೇ ಕರೆಯುತ್ತಾರೆ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ ನಂಬರ್ ಅದು. 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ ಅದು 183 ಆಗಿದೆ, ಆದರೆ ಕೋರ್ಟಿನ ಜವಾನನಿಂದ ವಕೀಲರವರೆಗೆ ಯಾರ ಬಾಯಲ್ಲೂ ಹೊಸ ನಂಬರ್ ಬರುವುದಿಲ್ಲ.

ಕಷ್ಟ ಆಗಿದ್ದು ಸ್ಥಳ ಮಹಜರಿನ ದಿನ. ಪಂಚರಾಗಿ, ಅಂದರೆ ಮಹಜರಿಗೆ ಸಾಕ್ಷಿಗಳಾಗಿ, ಸಹಿ ಹಾಕಲು ಬೀದಿಯಲ್ಲಿ ಯಾರೂ ಒಪ್ಪಲಿಲ್ಲ. ಪಕ್ಕದ ಮನೆಯವನ ಮೇಲೆ, ಅದೂ ಪೊಲೀಸ್ ಮೇಲೆ, ಯಾರು ಹಾಕುತ್ತಾರೆ? ಜೀಪು ಮನೆ ಮುಂದೆ ಒಂದೂವರೆ ಗಂಟೆ ನಿಂತಿತ್ತು. ಪತ್ರಿಕೆಯಲ್ಲಿ ಹೆಸರು ಬರಬಾರದು ಅಂತ ಕಾನೂನು ಕಾಯುತ್ತದೆ, ಸರಿ. ಆ ಜೀಪು ಇಡೀ ಬೀದಿಗೆ ಎಲ್ಲಾ ಹೇಳಿ ಹೋಯಿತು. ಮುಂದಿನ ಸಲ ಜೀಪು ತರಬೇಡಿ ಅಂತ ಬರೆದು ಕೊಟ್ಟೆವು. ತರಲಿಲ್ಲ. ಆದರೆ ಅಷ್ಟರಲ್ಲಿ ಪುಟ್ಟಿಯ ಜೊತೆ ಆಡುತ್ತಿದ್ದ ಇಬ್ಬರು ಹುಡುಗಿಯರು ಬರುವುದನ್ನು ನಿಲ್ಲಿಸಿದ್ದರು. ಎರಡು ತಿಂಗಳಲ್ಲಿ ಅಕ್ಕ ಭಾವ ಮನೆ ಬದಲಾಯಿಸಿದರು. ದೊಡ್ಡಪ್ಪ ಹೇಳಿದ್ದು ಒಂದು ರೀತಿ ನಡೆದೇ ಹೋಯಿತು.

ಅವನು ಹನ್ನೆರಡು ದಿನ ಸಿಗಲಿಲ್ಲ. ಪೊಲೀಸರಿಗೆ ಪೊಲೀಸ್ ಸಿಗಲಿಲ್ಲ ಅನ್ನೋದನ್ನ ನಂಬೋಕೆ ತುಂಬಾ ದೊಡ್ಡ ಮನಸ್ಸು ಬೇಕು. ಸಿಕ್ಕ ಮೇಲೆ ಜೈಲು, ಅಮಾನತು. ಅಮಾನತು ಅಂದರೆ ಕೆಲಸದಿಂದ ತೆಗೆದ ಹಾಗಲ್ಲ. ಜೀವನಾಧಾರ ಭತ್ಯೆ ಅಂತ ಸಂಬಳದ ಒಂದು ಪಾಲು ಬರುತ್ತಲೇ ಇರುತ್ತದೆ, ಇಲಾಖಾ ವಿಚಾರಣೆ ಬೇರೆಯೇ ನಡೆಯುತ್ತದೆ. ಇಂಥ ಪ್ರಕರಣದ ತನಿಖೆ ಎರಡು ತಿಂಗಳಲ್ಲಿ ಮುಗಿಯಬೇಕು ಅಂತ ನಿಯಮ. 58ನೇ ದಿನ ಚಾರ್ಜ್‌ಶೀಟ್ ಬಂತು. ಅದರಲ್ಲಿ 9(ಎ) ಇತ್ತು. ಸ್ವಲ್ಪ ದಿನಕ್ಕೆ ಅವನಿಗೆ ಜಾಮೀನೂ ಸಿಕ್ಕಿತು, ನಮ್ಮ ಪ್ರದೇಶಕ್ಕೆ ಕಾಲಿಡಬಾರದು ಅನ್ನೋ ಷರತ್ತಿನ ಮೇಲೆ.

ಜಾಮೀನು ಸಿಕ್ಕ ವಾರವೇ ರಾಜಿ ಮಾತು ಶುರುವಾಯಿತು. ಬಂದವರು ಇಬ್ಬರು ನಿವೃತ್ತರು, ಇಬ್ಬರೂ ಖಾಕಿ ಹಾಕಿದ್ದವರೇ. ಮಾತು ತುಂಬಾ ನಯ. "ಅವನ ಮಕ್ಕಳೂ ಓದ್ತಿದ್ದಾರೆ. ನಿಮ್ಮ ಮಗೂನ ಕೋರ್ಟಿಗೆ ಅಲೆಸೋದು ಬೇಕಾ? ಇಲಾಖೆ ಮರ್ಯಾದೆನೂ ಇದೆ." ಭಾವ ಒಂದು ಕ್ಷಣ ಮೆತ್ತಗಾದರು, ನಾನು ಅವರ ಮುಖ ನೋಡಿದೆ. ತಪ್ಪು ಅನ್ನಲಾರೆ. ಅಷ್ಟೊತ್ತಿಗೆ ಅವರಿಗೂ ಸುಸ್ತಾಗಿತ್ತು. ವಕೀಲರು ಮಾತ್ರ ಖಡಾಖಂಡಿತವಾಗಿ ಹೇಳಿದರು, ಪೋಕ್ಸೊದಲ್ಲಿ ರಾಜಿಗೆ ಜಾಗ ಇಲ್ಲ. ರಾಜಸ್ಥಾನದಲ್ಲಿ ಶಿಕ್ಷಕನೊಬ್ಬನ ಮೇಲಿನ ಇಂಥದೇ ಪ್ರಕರಣವನ್ನು ರಾಜಿ ಆಗಿದೆ ಅಂತ ಹೈಕೋರ್ಟ್ ರದ್ದು ಮಾಡಿತ್ತು, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತೆಗೆದುಹಾಕಿತು. ಇದು ಎರಡು ಮನೆಗಳ ಜಗಳ ಅಲ್ಲ ಅನ್ನೋದು ಅದರ ಸಾರ.

ಒಂದು ಸಂಜೆ ವಕೀಲರ ಆಫೀಸಿನಲ್ಲಿ ಕೂತಾಗ ಕೇಳಿದೆ, ಪಟ್ಟಿಯಲ್ಲಿ ಪೊಲೀಸ್ ಹೆಸರು ಮೊದಲು ಬಂದಿದ್ದು ಹೇಗೆ ಅಂತ. ಅವರು 1972ರಿಂದ ಶುರು ಮಾಡಿದರು. ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆ. ಮಥುರಾ ಪ್ರಕರಣ ಅಂತ ಕಾನೂನು ಓದಿದವರೆಲ್ಲ ಕೇಳಿರುತ್ತಾರೆ. ಆದಿವಾಸಿ ಹುಡುಗಿ, ಹದಿಹರೆಯದವಳು. ಠಾಣೆಯ ಆವರಣದಲ್ಲೇ ಇಬ್ಬರು ಪೊಲೀಸರು. ಮೈಮೇಲೆ ಗಾಯ ಇಲ್ಲ, ಹಾಗಾಗಿ ಪ್ರತಿರೋಧ ಇಲ್ಲ ಅಂತ 1978ರಲ್ಲಿ ಸುಪ್ರೀಂ ಕೋರ್ಟ್ ಇಬ್ಬರನ್ನೂ ಬಿಟ್ಟಿತು. ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಸೇರಿ ನಾಲ್ವರು ಕಾನೂನು ಅಧ್ಯಾಪಕರು ನ್ಯಾಯಾಲಯಕ್ಕೆ ಬಹಿರಂಗ ಪತ್ರ ಬರೆದರು. ಊರೂರಲ್ಲಿ ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನು ಬದಲಾಯಿತು, ಪೊಲೀಸ್ ವಶದಲ್ಲಿ ನಡೆಯುವ ಅತ್ಯಾಚಾರ ಪ್ರತ್ಯೇಕ ಅಪರಾಧ ಆಯಿತು. 2012ರ ಪೋಕ್ಸೊದಲ್ಲಿ ಪೊಲೀಸ್ ಮೊದಲಿಗೆ ಬಂದದ್ದು ಆ ದಾರಿಯಲ್ಲಿ.

ಆಮೇಲೆ ಪಂಚಕುಲದ ಕಥೆ ಹೇಳಿದರು. 1990ರಲ್ಲಿ 14 ವರ್ಷದ ಟೆನಿಸ್ ಆಟಗಾರ್ತಿಯ ಜೊತೆ ಕೆಟ್ಟದಾಗಿ ನಡೆದುಕೊಂಡವರು ಹರಿಯಾಣದ ಐಜಿ ಆಗಿದ್ದ ಎಸ್.ಪಿ.ಎಸ್. ರಾಠೋಡ್. ಎಫ್‌ಐಆರ್ ಆಗಿದ್ದು 1999ರಲ್ಲಿ. ಅಷ್ಟರಲ್ಲಿ ಆ ಹುಡುಗಿ ತೀರಿಕೊಂಡು ಆರು ವರ್ಷ ಆಗಿತ್ತು, ಆತ ರಾಜ್ಯದ ಡಿಜಿಪಿ ಮಟ್ಟಕ್ಕೆ ಏರಿದ್ದ. 2009ರಲ್ಲಿ ಬಂದ ಶಿಕ್ಷೆ ಆರು ತಿಂಗಳು, ಸಾವಿರ ರೂಪಾಯಿ ದಂಡ. ಮೇಲ್ಮನವಿಯಲ್ಲಿ ಹದಿನೆಂಟು ತಿಂಗಳಿಗೆ ಏರಿತು, 2016ರಲ್ಲಿ ಸುಪ್ರೀಂ ಕೋರ್ಟ್ ಆಗಲೇ ಜೈಲಲ್ಲಿ ಕಳೆದಷ್ಟು ಸಾಕು ಅಂದಿತು. ನಾನು ಲೆಕ್ಕ ಹಾಕಿದೆ. ನಮ್ಮ ಎಫ್‌ಐಆರ್ ಮೂರು ದಿನಕ್ಕೆ ಆಗಿತ್ತು. ಅವರದು ಒಂಬತ್ತು ವರ್ಷಕ್ಕೆ. ನಾವು ಅದೃಷ್ಟವಂತರು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನನಗೇ ಸಿಟ್ಟು ಬಂತು.

ವಿಚಾರಣೆಯ ಕಾಲದಲ್ಲಿ ಅವನ ವಕೀಲರು ಎರಡು ವಾದ ಹಿಡಿದರು. ಒಂದು, ಅವನು ಆಗ ಕರ್ತವ್ಯದಲ್ಲಿ ಇರಲಿಲ್ಲ, ಮನೆಯಲ್ಲಿದ್ದ ಸಾಮಾನ್ಯ ಮನುಷ್ಯ, 9(ಎ) ಅನ್ವಯ ಆಗಲ್ಲ. ಇನ್ನೊಂದು, ಅವನು ಸರ್ಕಾರಿ ನೌಕರ, ಸರ್ಕಾರದ ಪೂರ್ವಾನುಮತಿ ಇಲ್ಲದೇ ವಿಚಾರಣೆ ನಡೆಸುವಂತಿಲ್ಲ. ನಾನು ವಕೀಲೆ ಅಲ್ಲ. ಆದರೆ ನನಗೂ ನಗು ಬಂತು. ಶಿಕ್ಷೆಯ ಬಾಗಿಲಿಗೆ ಬಂದಾಗ ಅವನು ಪೊಲೀಸ್ ಅಲ್ಲ, ತಪ್ಪಿಸಿಕೊಳ್ಳುವ ಬಾಗಿಲಿಗೆ ಬಂದಾಗ ಪೊಲೀಸ್. ಮಗುವಿನ ಮುಂದೆ ಮಾತ್ರ ಇಪ್ಪತ್ನಾಲ್ಕು ಗಂಟೆಯೂ ಪೊಲೀಸ್ ಆಗಿದ್ದ. ನ್ಯಾಯಾಧೀಶರು ಎರಡೂ ವಾದ ಒಪ್ಪಲಿಲ್ಲ.

ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ ಆಗಬೇಕು ಅಂತ ಕಾಯ್ದೆಯಲ್ಲಿದೆ. ನಮಗೆ ಐದು ತಿಂಗಳು ಹಿಡಿಯಿತು. ಸಮಿತಿ ನಮಗೆ ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಟ್ಟಿತ್ತು. ಆ ಯುವತಿ ಮುಂಚೆಯೇ ಪುಟ್ಟಿಯನ್ನು ಖಾಲಿ ಕೋರ್ಟ್ ಹಾಲಿಗೆ ಕರೆದುಕೊಂಡು ಹೋಗಿ, ಯಾರು ಎಲ್ಲಿ ಕೂರುತ್ತಾರೆ, ಪರದೆ ಎಲ್ಲಿರುತ್ತದೆ ಎಲ್ಲಾ ತೋರಿಸಿದ್ದರು. ಅವನು ಪರದೆಯ ಆ ಕಡೆ. ಅವನಿಗೆ ಅವಳ ಮಾತು ಕೇಳಿಸುತ್ತದೆ, ಅವಳಿಗೆ ಅವನು ಕಾಣುವುದಿಲ್ಲ. ಪಾಟೀ ಸವಾಲಿನ ಪ್ರಶ್ನೆಗಳನ್ನು ವಕೀಲರು ನೇರವಾಗಿ ಕೇಳುವಂತಿಲ್ಲ, ನ್ಯಾಯಾಧೀಶರಿಗೆ ಕೊಡಬೇಕು, ಅವರು ಮಗುವಿಗೆ ಕೇಳುತ್ತಾರೆ.

ಪುಟ್ಟಿ ಪ್ರತಿ ಉತ್ತರದಲ್ಲೂ 'ಅವರು' ಅಂದಳು. ಅವರು ಕರೆದರು, ಅವರು ಬಾಗಿಲು ಹಾಕಿದರು. ಅವನ ವಕೀಲರು ಅದನ್ನೇ ಹಿಡಿದುಕೊಂಡರು. ಇಷ್ಟು ಗೌರವದಿಂದ ಮಾತಾಡುತ್ತಾಳೆ, ಅಂದರೆ ಅವನ ಮೇಲೆ ಭಯವಾಗಲಿ ಕೋಪವಾಗಲಿ ಇಲ್ಲ ಅಂತ ಪ್ರಶ್ನೆ ಕಳಿಸಿದರು. ನ್ಯಾಯಾಧೀಶೆ ಚೀಟಿ ಓದಿ ಪಕ್ಕಕ್ಕೆ ಇಟ್ಟರು. "ದೊಡ್ಡವರನ್ನ ಹಾಗೆ ಕರೀಬೇಕು ಅಂತ ಮನೇಲಿ ಕಲಿಸಿರ್ತಾರೆ, ವಕೀಲರೇ" ಅಂದರು. ಆ ಪ್ರಶ್ನೆ ಮಗುವಿನ ತನಕ ಬರಲಿಲ್ಲ.

ಹೊರಗೆ ಬಂದಾಗ ಪುಟ್ಟಿ ಹಗುರಾಗಿದ್ದಳು. ಮೆಟ್ಟಿಲ ಹತ್ತಿರ ಆ ಪಿಎಸ್‌ಐ ಕಾಯುತ್ತಿದ್ದರು. ಆವತ್ತೂ ಚೂಡಿದಾರ್‌ನಲ್ಲೇ ಬಂದಿದ್ದರು. ಪುಟ್ಟಿ ಓಡಿಹೋಗಿ "ಮಿಸ್" ಅಂತ ಅವರ ಕೈ ಹಿಡಿದಳು. ಅಷ್ಟರಲ್ಲಿ ಅಲ್ಲಿ ಹೋಗುತ್ತಿದ್ದ ಒಬ್ಬ ಕಾನ್‌ಸ್ಟೆಬಲ್ ನಿಂತು, ಕಾಲು ಜೋಡಿಸಿ ಅವರಿಗೆ ಸೆಲ್ಯೂಟ್ ಹೊಡೆದರು.

ಪುಟ್ಟಿ ಕೈ ಬಿಟ್ಟಳು. ಮನೆ ಬರುವವರೆಗೂ ಮಾತಾಡಲಿಲ್ಲ. ರಾತ್ರಿ ನನ್ನ ಪಕ್ಕ ಮಲಗಿದ್ದಾಗ ಕೇಳಿದಳು, "ಆ ಮಿಸ್ ಪೊಲೀಸಾ?"

"ಹೌದು."

"ನಿಂಗೆ ಮೊದಲೇ ಗೊತ್ತಿತ್ತಾ ಚಿಕ್ಕಮ್ಮ?"

"ಗೊತ್ತಿತ್ತು."

"ಮತ್ತೆ ನೀನೂ ಗುಟ್ಟು ಮಾಡಿದೆ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಅಧಿಕಾರಿ ನಿಜ ಹೇಳಲು ಹೊರಟಿದ್ದರು, ತಡೆದದ್ದು ನಾನು. ಯೂನಿಫಾರ್ಮ್ ಹಾಕಬೇಡಿ ಅಂತ ಕಾನೂನು ಹೇಳುತ್ತದೆ, ಮಗುವಿಗೆ ಸುಳ್ಳು ಹೇಳಿ ಅಂತ ಹೇಳುವುದಿಲ್ಲ. ಆಮೇಲೆ ಸುಮಾರು ದಿನ ಅವಳು ನನ್ನ ಹತ್ತಿರ ಹೋಂವರ್ಕ್ ಮಾಡಿಸಿಕೊಳ್ಳಲಿಲ್ಲ. ಪಿಎಸ್‌ಐಗೆ ಫೋನ್ ಮಾಡಿ ಹೇಳಿದೆ. ಅವರು ಒಂದು ಭಾನುವಾರ ಮನೆಗೆ ಬಂದರು. ಈ ಸಲ ಬರುವ ಮೊದಲೇ ಪುಟ್ಟಿಯ ಹತ್ತಿರ ಫೋನಿನಲ್ಲಿ, "ನಾನು ಪೊಲೀಸ್. ಬರಲಾ, ಬೇಡ್ವಾ?" ಅಂತ ಕೇಳಿದ್ದರು. ಪುಟ್ಟಿ ಯೋಚನೆ ಮಾಡಿ, "ಅಮ್ಮನೂ ಇರ್ತಾಳೆ, ಬನ್ನಿ" ಅಂದಿದ್ದಳು.

ಅಲ್ಲಿಂದ ನಾನು ಅವಳಿಗೆ ಎಲ್ಲವನ್ನೂ ಮುಂಚೆಯೇ ಹೇಳಲು ಶುರು ಮಾಡಿದೆ. ಮುಂದಿನ ತಾರೀಕು ಯಾವತ್ತು, ಯಾವ ಸಾಕ್ಷಿ ಬರ್ತಾರೆ, ಬೀದಿಯ ಒಬ್ಬರು ಕೋರ್ಟಿನಲ್ಲಿ ಮಾತು ಬದಲಿಸಿದ್ದು, ನಾವು ಸೋಲಲೂಬಹುದು ಅನ್ನೋದು. ಅಕ್ಕನಿಗೆ ಇದು ಜಾಸ್ತಿ ಆಯಿತು ಅನ್ನಿಸುತ್ತಿತ್ತು. ಇರಬಹುದು.

ತೀರ್ಪು ಬಂದದ್ದು ಹೋದ ತಿಂಗಳು. 9(ಎ), 9(ಎಂ) ಎರಡರಲ್ಲೂ ತಪ್ಪಿತಸ್ಥ. ಐದು ವರ್ಷ, ದಂಡ. ಅವನು ಹೈಕೋರ್ಟಿಗೆ ಹೋಗುತ್ತಾನೆ, ಅದೂ ಗೊತ್ತಿರುವುದೇ. ತೀರ್ಪಿನ ಪ್ರತಿಯಲ್ಲಿ ಅವನ ಹೆಸರಿನ ಪಕ್ಕ 'ಹೆಡ್ ಕಾನ್‌ಸ್ಟೆಬಲ್' ಅಂತ ಇತ್ತು. ನಾನು ಆ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದೆ.

ಮನೆಗೆ ಬಂದು ಪುಟ್ಟಿಗೆ ಹೇಳಿದೆ. ಅವಳಿಗೆ ಈಗ ಹನ್ನೊಂದು. ಮೇಲ್ಮನವಿ ಅಂದರೆ ಏನು ಅಂತಲೂ ಬಿಡಿಸಿ ಹೇಳಿದೆ. ಅವಳು ಬೆರಳು ಮಡಿಚಿ ಲೆಕ್ಕ ಹಾಕಿದಳು.

"ಹಾಗಾದ್ರೆ ಅವನು ಹೊರಗೆ ಬರೋ ಹೊತ್ತಿಗೆ ನಾನು ಪಿಯುಸಿ" ಅಂದಳು.